ಗುಡಿಗೊಂದು, ಕಾಡಿಗೊಂದು

ದಾವಣಗೆರೆಯ ಗೃಹಸ್ಥನು ವರ್ಷಗಳ ಉಳಿತಾಯವನ್ನೆಲ್ಲ ಕ್ಯಾಮೆರಾಕ್ಕೇ ಸುರಿದು, ಲೆನ್ಸಿಗೆ ಚಿಲ್ಲರೆ ಉಳಿಸುವುದುಂಟು. ಅದು ತಲೆಕೆಳಗಾದ ಲೆಕ್ಕ. ಕ್ಯಾಮೆರಾ ಬೇಗ ಹಳತಾಗುವುದು. ಒಳ್ಳೆಯ ಲೆನ್ಸು ಬಹುಕಾಲ ಬಾಳುವುದು.

ಹರಿಹರದಲ್ಲಿ ಹೊಯ್ಸಳರ ದಂಡನಾಯಕ ಪೋಲಾಳ್ವನು 1224ರಲ್ಲಿ ಕಟ್ಟಿಸಿದ ಹರಿಹರೇಶ್ವರ ದೇಗುಲದ ಮಂಟಪದೊಳಗೆ ಮಬ್ಬುಗತ್ತಲು. ಅಲ್ಲಿಗೆ ಬೆಳಕನ್ನು ಧಾರಾಳವಾಗಿ ಒಳಬಿಡುವ, ಎಫ್ 1.8ರ 35 ಮಿ.ಮೀ. ಲೆನ್ಸೇ ತಕ್ಕುದು. ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗದ ಕೊಂಡುಕುರಿಯಾದರೋ ಮಹಾ ನಾಚಿಕೆಯ ಪ್ರಾಣಿ. ಸುಳಿವು ಸಿಕ್ಕೊಡನೆ ಪೊದೆಯಲ್ಲಿ ಮರೆಯಾಗುವುದು. ಅದಕ್ಕೆ 400 ಮಿ.ಮೀ. ಆದರೂ ಬೇಕು. ಎಪಿಎಸ್-ಸಿ ಅಳತೆಯ ಕ್ಯಾಮೆರಾದಲ್ಲಿ ಅದೇ ಲೆನ್ಸು ಸುಮಾರು 600ರಷ್ಟು ಹತ್ತಿರದ ನೋಟವನ್ನು ಕೊಡುವುದು.

ಹರಿಯನ್ನೂ ಹರನನ್ನೂ ಒಂದೇ ಮೂರ್ತಿಯಲ್ಲಿ ಕೂಡಿಸಿದ ಶಿಲ್ಪಿಯ ಜಾಣ್ಮೆ ಲೆನ್ಸು ಮಾಡುವವರಿಗೆ ಇನ್ನೂ ಒಲಿದಿಲ್ಲ: ಎರಡಕ್ಕೂ ಒಂದೇ ಎನ್ನುವ ಜೂಮಿನಲ್ಲಿ ಬೆಳಕು ಸೊರಗುವುದು. ಉದ್ದನೆಯದನ್ನು ಎರಡು ದಿನಕ್ಕೆ ಬಾಡಿಗೆಗೆ ತಂದರೂ ನಡೆದೀತು. ಮೂವತ್ತೈದರದನ್ನು ಮಾತ್ರ ಕೊಂಡೇ ಇಟ್ಟುಕೊಳ್ಳಬೇಕು.