ಹುಣಸೆ ಮರದ ಮೇಲೊಂದು ಬಾಣಂತನ

ಬೆಂಗಳೂರು-ಮೈಸೂರು ಹಳೆಯ ಹೆದ್ದಾರಿಯಲ್ಲಿ ಚನ್ನಪಟ್ಟಣ ದಾಟಿ ಮದ್ದೂರಿನ ಕಡೆಗೆ ಹೊರಟರೆ ನಡುವೆ ರುದ್ರಾಕ್ಷಿಪುರ ಸಿಗುತ್ತದೆ. ಅಲ್ಲಿ ಎಡಕ್ಕೆ ತಿರುಗಿ ಸುಮಾರು 12 ಕಿಲೋಮೀಟರ್ ಹೋದರೆ ಕೊಕ್ಕರೆ ಬೆಳ್ಳೂರು. ದಾರಿಯುದ್ದಕ್ಕೂ ಮಂಡ್ಯ ಸೀಮೆಯ ಮಾಮೂಲು ನೋಟವೇ: ರಾಗಿ ಹೊಲ, ಹಿಪ್ಪುನೇರಳೆ ತೋಟ, ಅಲ್ಲಲ್ಲಿ ಕಬ್ಬು, ತೆಂಗು. ಊರು ಹತ್ತಿರವಾದಂತೆ ಹುಣಸೆ ಮರಗಳ ನೆತ್ತಿಯ ಮೇಲೆ ಯಾರೋ ಬಿಳಿ ಪಂಚೆಗಳನ್ನು ಒಣಹಾಕಿದಂತೆ ಕಾಣುತ್ತದೆ. ಇನ್ನಷ್ಟು ಹತ್ತಿರ ಹೋದರೆ ಪಂಚೆಗಳು ಕತ್ತು ಎತ್ತಿ ನೋಡುತ್ತವೆ!

ಪಕ್ಷಿಧಾಮ ಎಂದೊಡನೆ ನಮ್ಮ ಕಣ್ಣೆದುರು ಬರುವುದು ರಂಗನತಿಟ್ಟಿನ ಚಿತ್ರ. ನದಿ, ನಡುಗಡ್ಡೆ, ದೋಣಿ, ಟಿಕೆಟ್ ಕೌಂಟರ್. ಇಲ್ಲಿ ಅದೊಂದೂ ಇಲ್ಲ. ಬೇಲಿಯಿಲ್ಲ, ಕಾಡೂ ಇಲ್ಲ. ಮನೆಯ ಹಿತ್ತಲಿನ ಹುಣಸೆ ಮರ, ಬೀದಿ ಬದಿಯ ಅರಳಿ, ಹೊಲದ ಬದುವಿನ ಅತ್ತಿ, ಇವೇ ಪಕ್ಷಿಧಾಮ. ಕೆಳಗೆ ಎಮ್ಮೆ ಮೆಲುಕು ಹಾಕುತ್ತಿರುತ್ತದೆ, ಪಕ್ಕದಲ್ಲಿ ಹೆಂಗಸರು ಪಾತ್ರೆ ತೊಳೆಯುತ್ತಿರುತ್ತಾರೆ, ಮಕ್ಕಳು ಗೋಲಿ ಆಡುತ್ತಿರುತ್ತಾರೆ. ಇಪ್ಪತ್ತು-ಮೂವತ್ತು ಅಡಿ ಮೇಲೆ, ರೆಕ್ಕೆ ಬಿಚ್ಚಿದರೆ ಎರಡು ಮೀಟರಿಗೂ ಮೀರುವ ಹಕ್ಕಿ ತನ್ನ ಮರಿಗೆ ಮೀನು ಕಕ್ಕಿ ಕೊಡುತ್ತಿರುತ್ತದೆ.

ಈ ದೊಡ್ಡ ಹಕ್ಕಿಯೇ ಹೆಜ್ಜಾರ್ಲೆ. ಇಂಗ್ಲಿಷಿನಲ್ಲಿ ಸ್ಪಾಟ್ ಬಿಲ್ಡ್ ಪೆಲಿಕನ್. ಮೇಲ್ಕೊಕ್ಕಿನ ಅಂಚಿನಲ್ಲಿ ಸಾಲಾಗಿ ಶಾಯಿ ಚಿಮುಕಿಸಿದಂಥ ಚುಕ್ಕೆಗಳಿವೆ, ಹೆಸರು ಬಂದದ್ದು ಅದರಿಂದ. ಕೆಳಕೊಕ್ಕಿಗೆ ಜೋತುಬಿದ್ದಿರುವ ಚರ್ಮದ ಚೀಲ ಬಲೆಯ ಕೆಲಸ ಮಾಡುತ್ತದೆ. ನೀರಿನ ಸಮೇತ ಮೀನನ್ನು ಬಾಚಿ, ನೀರನ್ನು ಬಸಿದು, ಮೀನನ್ನು ನುಂಗುವುದು ಅದರ ಪದ್ಧತಿ. ಮರಿ ತಾಯಿಯ ಗಂಟಲೊಳಗೆ ತಲೆಯನ್ನೇ ತೂರಿಸಿ ತಿನ್ನುತ್ತದೆ. ಮೊದಲ ಸಲ ನೋಡುವ ಮಕ್ಕಳು ತಾಯಿಯೇ ಮರಿಯನ್ನು ನುಂಗುತ್ತಿದೆ ಎಂದು ಗಾಬರಿಬೀಳುವುದುಂಟು. ಇದರ ಜೊತೆಗಾರ ಬಣ್ಣದ ಕೊಕ್ಕರೆ. ಹಳದಿ ಕೊಕ್ಕು, ಕಿತ್ತಳೆ ಬಣ್ಣದ ಬೋಳು ಮುಖ, ಬಾಲದ ಬಳಿ ಗುಲಾಬಿ ಗರಿ. ಇಷ್ಟೆಲ್ಲ ಅಲಂಕಾರ ಮಾಡಿಕೊಂಡ ಹಕ್ಕಿಗೆ ದನಿಯೇ ಇಲ್ಲ. ದೊಡ್ಡವು ಕೊಕ್ಕನ್ನು ಕಟಕಟ ಕುಟ್ಟುತ್ತವೆ, ಅಷ್ಟೆ. ಗದ್ದಲವೆಲ್ಲ ಮರಿಗಳದ್ದು.

ಮಳೆಗಾಲ ಮುಗಿಯುತ್ತ ಬಂದಂತೆ, ಅಕ್ಟೋಬರ್-ನವೆಂಬರಿನಿಂದ ಹಕ್ಕಿಗಳು ಬರತೊಡಗುತ್ತವೆ. ಕಡ್ಡಿ ತಂದು ಹಳೆಯ ಗೂಡುಗಳನ್ನು ರಿಪೇರಿ ಮಾಡಿ, ಎರಡು-ಮೂರು ಮೊಟ್ಟೆಯಿಟ್ಟು, ಸುಮಾರು ಒಂದು ತಿಂಗಳು ಕಾವು ಕೊಟ್ಟು, ಮರಿಗಳನ್ನು ಬೆಳೆಸಿ, ಮೇ-ಜೂನ್ ಹೊತ್ತಿಗೆ ಹೊರಟುಬಿಡುತ್ತವೆ. ಊರಿನವರು ಇದನ್ನು ಹೇಳುವ ರೀತಿಯೇ ಚಂದ. ‘ಹೆಣ್ ಮಕ್ಕಳು ಬಾಣಂತನಕ್ಕೆ ತವರಿಗೆ ಬಂದಂಗೆ ಬತ್ತವೆ ಕಣಪ್ಪ, ಬ್ಯಾಡ ಅನ್ನಕಾಯ್ತದಾ?’ ಎಂಬ ಮಾತನ್ನು ನೀವು ಆ ಊರಿನಲ್ಲಿ ಒಂದಲ್ಲ ಒಂದು ಜಗುಲಿಯ ಮೇಲೆ ಕೇಳಿಯೇ ಕೇಳುತ್ತೀರಿ. ಹಕ್ಕಿ ಬಂದ ವರ್ಷ ಮಳೆ-ಬೆಳೆ ಚೆನ್ನಾಗಿರುತ್ತದೆ ಎಂಬ ನಂಬಿಕೆಯೂ ಇದೆ. ಇದನ್ನು ತಿರುಗಿಸಿ ಹೇಳಿದರೂ ನಿಜವೇ. ಮಳೆ ಚೆನ್ನಾಗಿ ಆಗಿ ಕೆರೆ ತುಂಬಿದ ವರ್ಷ ಮೀನು ಹೆಚ್ಚು, ಮೀನು ಹೆಚ್ಚಾದ ವರ್ಷ ಹಕ್ಕಿ ಹೆಚ್ಚು.

ಈ ಹಕ್ಕಿಗೆ ಇಷ್ಟು ಮಹತ್ವ ಏಕೆ ಎಂದು ಕೇಳಬಹುದು. ಇದರ ಶಾಸ್ತ್ರೀಯ ಹೆಸರು ಪೆಲಿಕಾನಸ್ ಫಿಲಿಪೆನ್ಸಿಸ್. ಅಂದರೆ ಫಿಲಿಪೀನ್ಸಿನ ಪೆಲಿಕನ್. ಆದರೆ ಈಗ ಫಿಲಿಪೀನ್ಸಿನಲ್ಲಿ ಇದು ಇಲ್ಲವೇ ಇಲ್ಲ! ಬರ್ಮಾದ ಸಿಟ್ಟಾಂಗ್ ನದಿಯ ಬಯಲಿನಲ್ಲಿ 1877ರಲ್ಲಿ ಓಟ್ಸ್ ಎಂಬ ಪಕ್ಷಿತಜ್ಞ ಇವುಗಳ ಗೂಡುಗಳ ಅಪಾರ ಸಮೂಹವನ್ನು ಕಂಡು ಬೆರಗಾಗಿ ಬರೆದಿಟ್ಟಿದ್ದಾನೆ. 1930ರ ದಶಕ ಮುಗಿಯುವಷ್ಟರಲ್ಲಿ ಅದೂ ಬರಿದಾಗಿತ್ತು. ಇಂದು ಇವು ಗೂಡು ಕಟ್ಟುವುದು ಮುಖ್ಯವಾಗಿ ಭಾರತ, ಶ್ರೀಲಂಕಾ ಮತ್ತು ಕಾಂಬೋಡಿಯಾಗಳಲ್ಲಿ. ಒಂದು ದೇಶದ ಹೆಸರನ್ನೇ ಹೊತ್ತ ಹಕ್ಕಿ ಆ ದೇಶದಲ್ಲಿ ನೆಲೆ ಕಳೆದುಕೊಂಡು, ಮದ್ದೂರು ತಾಲ್ಲೂಕಿನ ಒಂದು ಹಳ್ಳಿಯ ಹಿತ್ತಲಲ್ಲಿ ಉಳಿದುಕೊಂಡಿದೆ.

ಹಿಂದೆ ಬೆಳ್ಳೂರು ಶಿಂಷಾ ನದಿಗೆ ಇನ್ನೂ ಹತ್ತಿರದಲ್ಲಿತ್ತಂತೆ. 1916ರ ಸುಮಾರಿಗೆ ಪ್ಲೇಗ್ ಬಂದಾಗ ಜನ ಮನೆಮಠ ಬಿಟ್ಟು ಈಗಿನ ಜಾಗಕ್ಕೆ ಬಂದರು, ಹಕ್ಕಿಗಳೂ ಅವರ ಹಿಂದೆಯೇ ಬಂದವು ಎಂದು ಊರಿನ ಹಿರಿಯರು ಹೇಳುತ್ತಾರೆ. ಹೊರಗಿನ ಪಕ್ಷಿ ಪ್ರಪಂಚಕ್ಕೆ ಈ ಊರನ್ನು ಪರಿಚಯಿಸಿದವರು ಅರಣ್ಯಾಧಿಕಾರಿಯಾಗಿದ್ದ ಎಸ್.ಜಿ. ನೇಗಿನಹಾಳ, 1976ರಲ್ಲಿ. ಮುಂದೆ ಬೆಂಗಳೂರಿನ ರಸ್ತೆಗಳಲ್ಲಿ ಲಕ್ಷಾಂತರ ಸಾಲುಮರ ನೆಡಿಸಿದ್ದೂ ಇದೇ ನೇಗಿನಹಾಳರು.

ಇನ್ನು ಲೆಕ್ಕಾಚಾರದ ಮಾತು. ನನಗೆ ಈ ಊರಿನ ನಿಜವಾದ ಕಥೆ ಇರುವುದು ಇಲ್ಲೇ ಎನಿಸುತ್ತದೆ.

ಗೂಡಿರುವ ಮರಗಳು ಸರ್ಕಾರದವಲ್ಲ. ಒಂದೊಂದು ಮರಕ್ಕೂ ಒಬ್ಬ ಯಜಮಾನನಿದ್ದಾನೆ. ಹಿತ್ತಲಲ್ಲಿ ಹಳೆಯ ಹುಣಸೆ ಮರವೊಂದಿದ್ದರೆ ಅದು ಬಡ ರೈತನ ಪಾಲಿಗೆ ಬ್ಯಾಂಕಿನಲ್ಲಿಟ್ಟ ಇಡುಗಂಟಿನಂತೆ. ನೀರು, ಗೊಬ್ಬರ ಕೇಳುವುದಿಲ್ಲ, ವರ್ಷಕ್ಕೊಮ್ಮೆ ಕಾಯಿ ಕೊಡುತ್ತದೆ. ಮರವನ್ನು ಗುತ್ತಿಗೆಗೆ ಕೊಟ್ಟರೆ ಕೈಗೆ ನಗದು. ಮಗಳ ಮದುವೆಗೋ ಮಗನ ಕಾಲೇಜು ಫೀಜಿಗೋ ಬೇಕೆಂದರೆ ಕಡಿದು ಸೌದೆಗೆ ಮಾರಿದರೂ ಒಳ್ಳೆಯ ದುಡ್ಡು, ಯಾಕೆಂದರೆ ಹುಣಸೆ ಸೌದೆ ಗಟ್ಟಿ, ಕಾವು ಹೆಚ್ಚು. ಈಗ ತೊಡಕು ನೋಡಿ. ಹುಣಸೆ ಹಣ್ಣಾಗುವುದು ಜನವರಿಯಿಂದ ಏಪ್ರಿಲ್ ನಡುವೆ. ಗೂಡುಗಳಲ್ಲಿ ಮೊಟ್ಟೆ, ಮರಿ ಇರುವುದೂ ಆಗಲೇ! ಮರ ಹತ್ತಿ ಕೊಂಬೆ ಅಲುಗಿಸಿದರೆ ಹಕ್ಕಿ ಏಳುತ್ತದೆ, ಮೊಟ್ಟೆ ಬೀಳುತ್ತದೆ, ಕಾಗೆ-ಹದ್ದುಗಳಿಗೆ ಹಬ್ಬ. ಹಾಗಾಗಿ ಗೂಡಿರುವ ಮರದ ಹುಣಸೆಯನ್ನು ಕೀಳದೆ ಬಿಡಬೇಕು. ಜೊತೆಗೆ ಹಿಕ್ಕೆಯಿಂದ ಎಲೆ ಸುಟ್ಟಂತಾಗುತ್ತದೆ, ಹಂಚಿನ ಮೇಲೆ ಸುಣ್ಣ ಬಳಿದಂತಾಗುತ್ತದೆ, ಕೊಳೆತ ಮೀನಿನ ವಾಸನೆ ಅಡುಗೆ ಮನೆಯವರೆಗೂ ಬರುತ್ತದೆ. ಆರು ತಿಂಗಳ ಬಾಣಂತನದ ಖರ್ಚು ಇಷ್ಟು.

ಪ್ರತಿಯಾಗಿ ಸಿಗುವುದೇನು? ಮೊದಲನೆಯದು ಗೊಬ್ಬರ. ಮರದ ಬುಡದಲ್ಲಿ ಗುಂಡಿ ತೋಡಿ, ಕೆರೆಯ ಗೋಡು ತುಂಬಿ ಬಿಟ್ಟರೆ ಮೇಲಿಂದ ಬಿದ್ದ ಹಿಕ್ಕೆ ಅದರಲ್ಲಿ ಬೆರೆತು ಮಳೆಗಾಲದ ಹೊತ್ತಿಗೆ ಹೊಲಕ್ಕೆ ಸಿದ್ಧ. ಮೀನು ತಿಂದ ಹಕ್ಕಿಯ ಹಿಕ್ಕೆಯಲ್ಲಿ ಸಾರಜನಕ, ರಂಜಕ ಸಮೃದ್ಧವಾಗಿರುತ್ತವೆ. ಕೆರೆಯಲ್ಲಿದ್ದ ಸತ್ವ ಮೀನಿನ ಮೂಲಕ, ಹಕ್ಕಿಯ ಮೂಲಕ ರಾಗಿ ಹೊಲಕ್ಕೆ ಬಂದು ಸೇರುತ್ತದೆ. ವಿಜ್ಞಾನ ಓದುವ ಹುಡುಗರು ಪುಸ್ತಕದಲ್ಲಿ ಬಾಣದ ಗುರುತು ಹಾಕಿ ಕಲಿಯುವ ಪೋಷಕಾಂಶಗಳ ಚಕ್ರವನ್ನು ಇಲ್ಲಿ ಗುದ್ದಲಿ ಹಿಡಿದು ನೋಡಬಹುದು. ಎರಡನೆಯದು, ಗೂಡಿರುವ ಮರದ ಮಾಲೀಕರಿಗೆ ಅರಣ್ಯ ಇಲಾಖೆ ಕೊಡುವ ಪರಿಹಾರ ಧನ. ಹುಣಸೆ ಕೀಳದೆ ಬಿಟ್ಟ ನಷ್ಟಕ್ಕೆ ಇಷ್ಟು ಎಂದು ವರ್ಷಕ್ಕೊಮ್ಮೆ ಕೊಡುವ ಹಣ.

ಹಣ ಕೊಟ್ಟು ಪ್ರೀತಿ ಕೊಳ್ಳುವುದೇ ಎಂದು ಮೂಗು ಮುರಿಯುವವರಿದ್ದಾರೆ. ನನಗೆ ಹಾಗನಿಸುವುದಿಲ್ಲ. ನಗರದಿಂದ ಕ್ಯಾಮೆರಾ ಹಿಡಿದು ಬಂದವರು ಒಂದು ಬೆಳಿಗ್ಗೆ ಸಂತೋಷಪಟ್ಟು ಹೋಗುತ್ತಾರೆ, ಆರು ತಿಂಗಳು ವಾಸನೆ ಕುಡಿಯುವವರು ಬೇರೆಯವರು. ಖರ್ಚು ಒಬ್ಬರದು, ಸಂತೋಷ ಎಲ್ಲರದು ಎಂದಾದಾಗ ಆ ಒಬ್ಬರಿಗೆ ಸಲ್ಲಬೇಕಾದ್ದು ಸಲ್ಲಲೇಬೇಕು. ಅದೂ ಪೇಟೆಯಲ್ಲಿ ಹುಣಸೆ ಹಣ್ಣಿಗೆ ಬೆಲೆ ಏನಿದೆಯೋ ಅದನ್ನು ನೋಡಿಕೊಂಡು, ಆಯಾ ವರ್ಷವೇ. ತಡವಾಗಿ ಬರುವ ಸಣ್ಣ ಮೊತ್ತ ಉತ್ತೇಜನವಾಗುವುದಿಲ್ಲ, ಬರಿಯ ಕಾಗದಪತ್ರವಾಗುತ್ತದೆ.

ಆದರೆ ಹಣವೊಂದೇ ಸಾಲದೆಂಬುದಕ್ಕೂ ಇಲ್ಲೇ ಸಾಕ್ಷಿಯಿದೆ. ಗಾಳಿಗೋ ಜಗಳಕ್ಕೋ ಮರಿಗಳು ಗೂಡಿನಿಂದ ಬೀಳುತ್ತವೆ. ನೆಲಕ್ಕೆ ಬಿದ್ದ ಮರಿಗೆ ತಾಯಿ ಇಳಿದು ಬಂದು ಉಣಿಸುವುದಿಲ್ಲ. ಅದು ನಾಯಿಯ ಪಾಲು, ಇಲ್ಲವೆ ಹಸಿವಿಗೆ ಬಲಿ. 1990ರ ದಶಕದ ನಡುವಿನಲ್ಲಿ ಮೈಸೂರು ಅಮೆಚೂರ್ ನ್ಯಾಚುರಲಿಸ್ಟ್ಸ್ ಎಂಬ ಹವ್ಯಾಸಿಗಳ ಸಂಸ್ಥೆ ಇಲ್ಲಿ ಕೆಲಸಕ್ಕೆ ತೊಡಗಿದಾಗ ಊರಿನ ಹುಡುಗರೇ ಸೇರಿ ‘ಹೆಜ್ಜಾರ್ಲೆ ಬಳಗ’ ಕಟ್ಟಿಕೊಂಡರು. ಬಿದ್ದ ಮರಿಗಳನ್ನು ಹೊತ್ತು ತಂದು, ಬೇಲಿ ಕಟ್ಟಿದ ಆವರಣದಲ್ಲಿಟ್ಟು, ಮೀನು ತಿನ್ನಿಸಿ, ರೆಕ್ಕೆ ಬಲಿತ ಮೇಲೆ ಹಾರಿಬಿಡುವುದು ಈ ಬಳಗದ ಕೆಲಸ. ಹೇಳುವಷ್ಟು ಸುಲಭವಲ್ಲ. ಹೆಜ್ಜಾರ್ಲೆ ಮರಿಯ ಹೊಟ್ಟೆ ತುಂಬಿಸಲು ದಿನವೂ ಮೀನು ಹುಡುಕಬೇಕು, ಅದೂ ಕೆರೆಗಳು ಬತ್ತುವ ಬೇಸಿಗೆಯಲ್ಲಿ.

ಕಾನೂನು ಈ ಊರಿನ ಹಿಂದೆ ಓಡಿ ಬಂದದ್ದು ತಡವಾಗಿ. ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದದ್ದು 1972ರಲ್ಲಿ. ಅದರಲ್ಲಿ ರಾಷ್ಟ್ರೀಯ ಉದ್ಯಾನ, ಅಭಯಾರಣ್ಯಗಳಿದ್ದವು, ಒಬ್ಬ ರೈತನ ಹಿತ್ತಲಿಗೆ ಜಾಗವಿರಲಿಲ್ಲ. 2002ರ ತಿದ್ದುಪಡಿಯಲ್ಲಿ ‘ಸಮುದಾಯ ಮೀಸಲು’ ಎಂಬ ಹೊಸ ಬಗೆ ಸೇರಿತು. ಒಬ್ಬ ವ್ಯಕ್ತಿಯಾಗಲಿ ಒಂದು ಸಮುದಾಯವಾಗಲಿ ತಾನಾಗಿ ಮುಂದೆ ಬಂದು ವನ್ಯಜೀವಿಗಳನ್ನು ಕಾಪಾಡುತ್ತಿದ್ದರೆ, ಆ ಖಾಸಗಿ ಅಥವಾ ಸಮುದಾಯದ ಜಮೀನನ್ನು ರಾಜ್ಯ ಸರ್ಕಾರ ಹೀಗೆ ಘೋಷಿಸಬಹುದು. ಒಡೆತನ ಜನರ ಕೈಯಲ್ಲೇ ಉಳಿಯುತ್ತದೆ. ನಿರ್ವಹಣಾ ಸಮಿತಿಯಲ್ಲಿ ಗ್ರಾಮ ಪಂಚಾಯಿತಿ ಹೆಸರಿಸಿದವರಿರುತ್ತಾರೆ. ಕರ್ನಾಟಕದಲ್ಲಿ ಮೊದಲು ಹೀಗೆ ಘೋಷಿತವಾದದ್ದು ಕೊಕ್ಕರೆ ಬೆಳ್ಳೂರು, 2007ರಲ್ಲಿ. ಆದರೆ ಅದೇ ಕಾಯ್ದೆಯಲ್ಲಿ ಇನ್ನೊಂದು ಮಾತಿದೆ: ಸಮಿತಿಯ ನಿರ್ಣಯ ಮತ್ತು ಸರ್ಕಾರದ ಒಪ್ಪಿಗೆಯಿಲ್ಲದೆ ಆ ನೆಲದ ಬಳಕೆಯನ್ನು ಬದಲಿಸುವಂತಿಲ್ಲ. ಹಕ್ಕಿಗೆ ಇದು ರಕ್ಷಣೆ. ಅಣ್ಣ-ತಮ್ಮಂದಿರು ಪಾಲಾಗಿ ಹೊಸ ಮನೆ ಕಟ್ಟಬೇಕೆಂದಿರುವ ರೈತನಿಗೆ ಅದೇ ಅಳುಕು. ‘ಹಕ್ಕಿ ಬಂದರೆ ಜಮೀನು ಹೋಗುತ್ತದೆ’ ಎಂಬ ಭಯ ಯಾವ ಊರಿಗೆ ಹೊಕ್ಕರೂ ಆ ಊರಿನ ಮರಗಳು ಉಳಿಯುವುದಿಲ್ಲ. ಮಾಲೀಕನ ನಂಬಿಕೆಗೆ ಪೆಟ್ಟು ಬೀಳದಂತೆ ಕಾನೂನನ್ನು ನಡೆಸುವುದು ಅದನ್ನು ಬರೆಯುವುದಕ್ಕಿಂತ ಕಷ್ಟದ ಕೆಲಸ.

ಮರ ಉಳಿದರೂ ಮೀನಿಲ್ಲದೆ ಹಕ್ಕಿಯಿಲ್ಲ. ಊರೊಳಗೆ ಗೂಡು, ಊಟ ಮಾತ್ರ ಹೊರಗೆ: ಶಿಂಷಾ ನದಿ, ತೈಲೂರು ಕೆರೆ, ಮದ್ದೂರು ಸುತ್ತಿನ ಇತರ ಕೆರೆಗಳು. 2017ರ ಕೊನೆಯಿಂದ 2018ರ ಮೊದಲ ತಿಂಗಳುಗಳವರೆಗೆ ಇಲ್ಲಿ ಹತ್ತಾರು ಹೆಜ್ಜಾರ್ಲೆಗಳು ಒಂದರ ಹಿಂದೊಂದು ಸತ್ತು ಬಿದ್ದವು. ಮರಣೋತ್ತರ ಪರೀಕ್ಷೆಯಲ್ಲಿ ಕಂಡದ್ದು ಹೊಟ್ಟೆಯಲ್ಲಿ ದುಂಡು ಹುಳುಗಳು. ಇಂಥ ಹುಳುಗಳು ಮೀನಿನ ಮೂಲಕ ಹಕ್ಕಿಯ ಹೊಟ್ಟೆ ಸೇರುತ್ತವೆ, ಚರಂಡಿ ನೀರು ತುಂಬಿದ ಕೆಸರು ಕೆರೆಗಳು ಅವುಗಳಿಗೆ ಹೇಳಿಮಾಡಿಸಿದ ತಾಣ. ಬೆಳ್ಳೂರಿನವರು ಎಷ್ಟೇ ಮರ ಕಾಯ್ದರೂ ಮೇಲಿನ ಊರುಗಳ ಕೊಳಚೆಯನ್ನು ತಡೆಯಲಾರರು. ಕೆರೆ ಅಂಚಿನ ಜಮೀನಿನವರು ಕೀಟನಾಶಕದ ಡಬ್ಬಿ ತೊಳೆಯುವ ಜಾಗ, ಪಟ್ಟಣದವರು ಚರಂಡಿ ಬಿಡುವ ಜಾಗ ಎಲ್ಲವೂ ಈ ಮರಗಳ ಲೆಕ್ಕಕ್ಕೆ ಬರುತ್ತವೆ.

ಇಂಥ ಊರು ಇದೊಂದೇ ಅಲ್ಲ ಎಂಬುದು ಸಂತೋಷದ ಸಂಗತಿ. ಶಿರಾ ತಾಲ್ಲೂಕಿನ ಕಗ್ಗಲಡುವಿನಲ್ಲೂ ಹುಣಸೆ ಮರಗಳ ಮೇಲೆ ಬಣ್ಣದ ಕೊಕ್ಕರೆಗಳ ಸಂಸಾರವಿದೆ. ಗಡಿಯಾಚೆ ಆಂಧ್ರದ ಲೇಪಾಕ್ಷಿ ಕಡೆಯ ವೀರಾಪುರದಲ್ಲೂ ಅಷ್ಟೆ. ತಮಿಳುನಾಡಿನ ವೇಡಂತಾಂಗಲ್ ರೈತರಂತೂ ತಮ್ಮ ಕೆರೆಯ ಹಕ್ಕಿಗಳಿಗೆ ಬ್ರಿಟಿಷ್ ಸಿಪಾಯಿಗಳು ಗುಂಡು ಹಾರಿಸುತ್ತಾರೆಂದು ಹದಿನೆಂಟನೆಯ ಶತಮಾನದ ಕೊನೆಗೇ ಕಲೆಕ್ಟರನ ಬಳಿ ಹೋಗಿ ರಕ್ಷಣೆಯ ಪತ್ರ ಬರೆಸಿಕೊಂಡಿದ್ದರು. ಹಿಕ್ಕೆ ಬೆರೆತ ಆ ಕೆರೆಯ ನೀರು ಭತ್ತಕ್ಕೆ ಗೊಬ್ಬರವೆಂದು ಅವರಿಗೆ ಗೊತ್ತಿತ್ತು.

ಹಳ್ಳಿಯಲ್ಲಿ ಅಜ್ಜನ ಜಮೀನಿರುವ ವಿದ್ಯಾರ್ಥಿಗಳು ರಜೆಗೆ ಹೋದಾಗ ಒಂದು ಸಣ್ಣ ಕೆಲಸ ಮಾಡಿ ನೋಡಬಹುದು. ಜಮೀನಿನ ನಕ್ಷೆ ಬರೆದು ಅದರಲ್ಲಿ ಹಳೆಯ ಮರ ಎಲ್ಲಿ, ಬೇಲಿ ಎಲ್ಲಿ, ನೀರು ನಿಲ್ಲುವ ತಗ್ಗು ಎಲ್ಲಿ, ಯಾವುದರಲ್ಲಿ ಯಾವ ಹಕ್ಕಿ, ಯಾವ ಮೀನು, ಕಪ್ಪೆ ಎಂದು ಗುರುತು ಹಾಕುವುದು. ಹಳ್ಳದ ಅಂಚಿನ ಪೊದೆಯನ್ನು ಸವರದೆ ಬಿಡುವುದಕ್ಕೆ, ಕೃಷಿ ಹೊಂಡದ ಒಂದು ಬದಿಯನ್ನು ಇಳಿಜಾರಾಗಿ ಮಾಡಿ ಕೊಕ್ಕರೆ ಇಳಿಯುವಂತೆ ಮಾಡುವುದಕ್ಕೆ ಹೆಚ್ಚಿನ ಖರ್ಚಿಲ್ಲ. ಬದುವಿನಲ್ಲಿ ಒಂದು ಹುಣಸೆಯನ್ನೋ ಅತ್ತಿಯನ್ನೋ ನೆಡುವುದಾದರೆ ಮಾತ್ರ ಅವಸರ ಬೇಡ. ಬೀಜದಿಂದ ಎದ್ದ ಹುಣಸೆ ಕಾಯಿ ಬಿಡಲು ಎಂಟು-ಹತ್ತು ವರ್ಷ ಬೇಕು, ಹೆಜ್ಜಾರ್ಲೆಯ ಭಾರ ಹೊರಲು ಇನ್ನೂ ಹಲವು ವರ್ಷ. ಇಂದು ಬೆಳ್ಳೂರಿನಲ್ಲಿ ಗೂಡು ಹೊತ್ತಿರುವ ಮರಗಳನ್ನು ನೆಟ್ಟವರು ಈಗಿನವರ ಅಜ್ಜ-ಮುತ್ತಜ್ಜಂದಿರು.

ಮಕ್ಕಳನ್ನು ಕರೆದುಕೊಂಡು ಹೋಗುವ ಪೋಷಕರಿಗೆ ಜನವರಿಯಿಂದ ಮಾರ್ಚ್ ಒಳ್ಳೆಯ ಕಾಲ. ಬೆಂಗಳೂರಿನಿಂದ ಸುಮಾರು 80 ಕಿಲೋಮೀಟರ್ ದೂರ. ಹೊಸ ಎಕ್ಸ್‌ಪ್ರೆಸ್ ಹೆದ್ದಾರಿ ಬಿಟ್ಟು ಹಳೆಯ ರಸ್ತೆ ಹಿಡಿದರೆ ತಿರುವು ತಪ್ಪುವುದಿಲ್ಲ. ಬೆಳಿಗ್ಗೆ ಬೇಗ ತಲುಪಿ. ದುರ್ಬೀನು ಇದ್ದರೆ ಒಳ್ಳೆಯದು, ಇಲ್ಲದಿದ್ದರೂ ನಷ್ಟವಿಲ್ಲ, ಹಕ್ಕಿಗಳು ಅಷ್ಟು ಹತ್ತಿರ. ತಲೆಗೆ ಟೋಪಿ ಮಾತ್ರ ಇರಲಿ, ಕಾರಣ ಮರದ ಕೆಳಗೆ ನಿಂತ ಮೇಲೆ ತಿಳಿಯುತ್ತದೆ. ಹಿತ್ತಲೊಳಗೆ ಕಾಲಿಡುವ ಮುನ್ನ ಮನೆಯವರನ್ನು ಕೇಳಿ. ಮರ ಅವರದು. ಚಪ್ಪಾಳೆ ತಟ್ಟಿ ಹಕ್ಕಿ ಎಬ್ಬಿಸಿ ಫೋಟೋ ತೆಗೆಯುವ ಅಭ್ಯಾಸವಿದ್ದವರು ಮನೆಯಲ್ಲೇ ಇರುವುದು ಲೇಸು. ಊಟಕ್ಕೆ ಮದ್ದೂರಿಗೆ ಬಂದರೆ ವಡೆ ಇದ್ದೇ ಇದೆ.