ಎರಡನೇ ಪಿಸ್ಟನ್

ಹೋದ ಸೆಮಿಸ್ಟರ್‌ನಲ್ಲಿ ವರ್ಕ್‌ಶಾಪಿನ ಮೂಲೆಯಲ್ಲಿದ್ದ ಹಳೇ ಮಾರುತಿ 800ರ ಎಂಜಿನ್ನನ್ನು ನಾವು ನಾಲ್ಕು ಜನ ಬಿಚ್ಚಿದ್ವಿ. ಬಿಚ್ಚೋದು ಸುಲಭ. ಕಷ್ಟ ಏನು ಅಂತ ಗೊತ್ತಾಗಿದ್ದು ಜೋಡಿಸೋಕೆ ಕೂತಾಗ. ಮೂರು ಸಿಲಿಂಡರ್, ಬೋರ್ 68.5 ಮಿ.ಮೀ., ಸ್ಟ್ರೋಕ್ 72 ಮಿ.ಮೀ., ಲೆಕ್ಕ ಹಾಕಿದ್ರೆ 796 ಸಿಸಿ. ಎಕ್ಸಾಮಲ್ಲಿ ಅಷ್ಟು ಬರೆದ್ರೆ ಮಾರ್ಕ್ಸ್ ಸಿಗುತ್ತೆ. ಆ ಬೋರಿನೊಳಗೆ ಪಿಸ್ಟನ್ ಇಳಿಸೋದು ಬೇರೆಯೇ ಮಾತು.

ಮೊದಲನೇ ಪಿಸ್ಟನ್ ಇಳಿಸೋಕೆ ಒಂದೂವರೆ ಗಂಟೆ ಹಿಡೀತು. ಪ್ರತಿ ರಿಂಗನ್ನೂ ಬೋರಿನೊಳಗಿಟ್ಟು ಫೀಲರ್ ಗೇಜಿನಿಂದ ಗ್ಯಾಪ್ ನೋಡಿದ್ವಿ. ರಿಂಗುಗಳ ಬಾಯಿ ಒಂದೇ ಸಾಲಿಗೆ ಬರದ ಹಾಗೆ ತಿರುಗಿಸಿದ್ವಿ, ಬಂದ್ರೆ ಗ್ಯಾಸ್ ಕೆಳಗಿಳಿಯೋಕೆ ದಾರಿ ಆಗುತ್ತೆ. ರಾಡಿನ ಬೋಲ್ಟುಗಳು ಕ್ರ್ಯಾಂಕನ್ನು ಗೀಚದಿರಲಿ ಅಂತ ರಬ್ಬರ್ ಪೈಪಿನ ತುಂಡು ತೊಡಿಸಿದ್ವಿ. ಪಿಸ್ಟನ್ ತಲೆ ಮೇಲಿನ ಬಾಣದ ಗುರುತು ಪುಲ್ಲಿ ಕಡೆಗೆ. ಎಲ್ಲದಕ್ಕೂ ಎಣ್ಣೆ. ರಿಂಗ್ ಕಂಪ್ರೆಸರ್ ಬಿಗಿದು, ಸುತ್ತಿಗೆಯ ಮರದ ಹಿಡಿಯಿಂದ ಮೆಲ್ಲಗೆ ತಟ್ಟಿದ್ರೆ ಪಿಸ್ಟನ್ ಜಾರಿ ಒಳಗೆ ಹೋಯ್ತು. ಭಾರೀ ಖುಷಿ.

ಆ ಖುಷಿಯಲ್ಲೇ ಎರಡನೇದಕ್ಕೆ ಕೈ ಹಾಕಿದ್ವಿ. ಅರ್ಧ ಇಳಿದು ನಿಂತಿತು. ಇನ್ನೊಂದು ಸಲ ತಟ್ಟಿದ್ವಿ. ಸ್ವಲ್ಪ ಜೋರಾಗಿ ಮತ್ತೊಂದು ಸಲ. 'ಟಿಕ್' ಅಂತು. ಆಮೇಲೆ ಸಲೀಸಾಗಿ ಹೋಯ್ತು.

ಯಾರೂ ಮಾತಾಡಲಿಲ್ಲ. ಸದ್ದು ಎಲ್ಲರಿಗೂ ಕೇಳಿತ್ತು. ಡಿಪಾರ್ಟ್‌ಮೆಂಟ್ ಪ್ರದರ್ಶನಕ್ಕೆ ಐದೇ ದಿನ ಬಾಕಿ. ರಿಂಗ್ ಸೆಟ್ ತಂದಿದ್ದು ನಮ್ಮದೇ ಪಾಕೆಟ್ ಮನಿಯಲ್ಲಿ. "ಹೆಡ್ ಕೂರಿಸಿದ್ಮೇಲೆ ಯಾರಿಗೆ ಕಾಣುತ್ತೆ ಬಿಡ್ರೋ" ಅಂತ ಒಬ್ಬ ಅಂದ. ಯಾರು ಅಂತ ಇಲ್ಲಿ ಬರೆಯಲ್ಲ, ಯಾಕಂದ್ರೆ ಉಳಿದ ಮೂವರೂ ಮನಸ್ಸಲ್ಲಿ ಅದನ್ನೇ ಅಂದುಕೊಂಡಿದ್ವಿ.

ಹತ್ತು ನಿಮಿಷ ಸುಮ್ಮನೆ ಕೂತು, ಕೊನೆಗೆ ಹೋಗಿ ಇನ್‌ಸ್ಟ್ರಕ್ಟರ್ ಸರ್‌ಗೆ ಹೇಳಿದ್ವಿ. ಬೈತಾರೆ ಅಂದುಕೊಂಡಿದ್ವಿ. ಅವರು ಕೇಳಿದ್ದು ಇಷ್ಟೇ: "ಕೈಗೆ ಬಿಗಿ ಗೊತ್ತಾಯ್ತೇನ್ರಪ್ಪಾ?"

"ಹೂಂ ಸರ್."

"ಗೊತ್ತಾದ್ಮೇಲೂ ಹೊಡೆದ್ರಾ?"

ಉತ್ತರ ಇರಲಿಲ್ಲ.

ಪಿಸ್ಟನ್ ಹೊರಗೆ ತೆಗೆದ್ರೆ ಮೇಲಿನ ರಿಂಗ್ ಎರಡು ತುಂಡು. ಕಂಪ್ರೆಸರ್ ಬ್ಲಾಕಿಗೆ ಸಮನಾಗಿ ಕೂತಿರಲಿಲ್ಲ. ಆ ಸಣ್ಣ ಸಂದಿಯಲ್ಲಿ ರಿಂಗ್ ಹೊರಗೆ ಅರಳಿ ಬ್ಲಾಕಿನ ಅಂಚಿಗೆ ಸಿಕ್ಕಿಕೊಂಡಿತ್ತು. ಪುಣ್ಯಕ್ಕೆ ಬೋರಿನ ಗೋಡೆಗೆ ಗೀರು ಬಿದ್ದಿರಲಿಲ್ಲ. ಹಾಗೇ ಬಿಟ್ಟು ಸ್ಟಾರ್ಟ್ ಮಾಡಿದ್ದಿದ್ರೆ ಖಂಡಿತ ಬೀಳ್ತಿತ್ತು.

ಹೊಸ ರಿಂಗ್ ಬರೋ ಹೊತ್ತಿಗೆ ಪ್ರದರ್ಶನ ಮುಗಿದಿತ್ತು. ಅವತ್ತು ನಮ್ಮ ಟೇಬಲ್ ಮೇಲೆ ಇದ್ದಿದ್ದು ಅರ್ಧ ಎಂಜಿನ್, ಪಕ್ಕದಲ್ಲಿ ಮುರಿದ ರಿಂಗ್. ಬಂದ ಜೂನಿಯರ್‌ಗಳು ಎಂಜಿನ್ನಿಗಿಂತ ರಿಂಗಿನ ಬಗ್ಗೆಯೇ ಜಾಸ್ತಿ ಕೇಳಿದ್ರು. ನಾವೂ ಮುಚ್ಚಿಡದೆ ಹೇಳಿದ್ವಿ.

ಮುಂದಿನ ವಾರ ಮೂರೂ ಪಿಸ್ಟನ್ ಇಳಿದವು. ಪ್ರತಿ ರಾಡಿಗೂ ಅದರದ್ದೇ ಕ್ಯಾಪ್ ಹಾಕಿ, ಟಾರ್ಕ್ ರೆಂಚಿನಲ್ಲಿ ಬಿಗಿದು, ಒಂದೊಂದು ಆದಮೇಲೂ ಕ್ರ್ಯಾಂಕ್ ತಿರುಗಿಸಿ ನೋಡಿದ್ವಿ. ಈ ಸಲ ಸ್ವಲ್ಪ ಬಿಗಿ ಅನಿಸಿದ್ರೂ ನಾಲ್ಕೂ ಜನ ಒಟ್ಟಿಗೆ "ನಿಲ್ಸು" ಅಂತಿದ್ವಿ.