ಒಂದೇ ಅಚ್ಚು, ಬೇರೆ ಬೇರೆ ಗುಂಡು

ಪ್ರತಿಸಲ ಬರೋ ಬಗ್ ನಮ್ಮಂಥ ಸಾಫ್ಟ್‌ವೇರಿನವರಿಗೆ ಸುಲಭ. ಒಮ್ಮೆ ಬಂದು ಇನ್ನೊಮ್ಮೆ ಬಾರದ ಬಗ್ಗೇ ತಲೆನೋವು. ಬಂದೂಕೂ ಹಾಗೇ. ಸದಾ ಗೇಣು ಎಡಕ್ಕೆ ಹೊಡೆದ್ರೆ ಬಲಕ್ಕೆ ಗುರಿ ಇಟ್ಟರಾಯ್ತು. ಒಂದೊಂದು ಸಲ ಒಂದೊಂದು ಕಡೆ ಹೋದ್ರೆ?

ನಮ್ಮ ಪುಣಜನೂರಿನ ಚೆಕ್‌ಪೋಸ್ಟ್ ದಾಟಿದ್ರೆ ಹಾಸನೂರಿನ ಕಾಡು. ಹಿಂದೆ ಹೊಲ ಕಾಯೋರ ಹತ್ತಿರ ಇದ್ದ ನಾಡ ಬಂದೂಕಿನ ಕಥೆ ತಾತ ಹೇಳ್ತಿದ್ರು. ಮದ್ದು ಕೈ ಅಂದಾಜು, ಸೀಸದ ಗುಂಡು ಮನೇಲೇ ಎರಕ. ಎರಕದೊಳಗೆ ಗಾಳಿಗುಳ್ಳೆ ಉಳಿದ್ರೆ ಒಂದೇ ಅಚ್ಚಿನ ಎರಡು ಗುಂಡಿನ ತೂಕ ಬೇರೆ ಬೇರೆ. ರೈಫಲ್ಲಾದ್ರೆ ನಳಿಕೆಯ ಸುತ್ತುಗೆರೆ ಗುಂಡನ್ನು ತಿರುಗಿಸಿ ನೆಟ್ಟಗೆ ಕಳಿಸುತ್ತೆ. ನಾಡ ಬಂದೂಕಿಗೆ ಅದೂ ಇಲ್ಲ.

ಕೊಡಗಿನ ಕೈಲ್‌ಪೊಳ್ದ್ ಹಬ್ಬದಲ್ಲಿ ತೆಂಗಿನಕಾಯಿಗೆ ಇಟ್ಟ ಗುರಿ ತಪ್ಪಿದ್ರೆ ನಗು, ಅಷ್ಟೇ. ಕಾಡಂಚಲ್ಲಿ ತಪ್ಪಿದ ಗುಂಡು ಆನೆಯ ಕಾಲಿಗೆ ತಗುಲಿದ್ರೆ ಗಾಯ ಕೀವು ಕಟ್ಟಿ ಅದು ವಾರಗಟ್ಟಲೆ ನರಳಬಹುದು.

ಲೈಸೆನ್ಸ್ ಇಲ್ಲದೆ ಮದ್ದುಗುಂಡು ತಯಾರಿಸಬಾರದು ಅನ್ನುತ್ತೆ 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಕಲಂ. ಸರ್ಕಾರದ ಕಿರಿಕಿರಿ ಅಂತ ಗೊಣಗೋರು ಇದ್ದಾರೆ. ಆದರೆ ಇಂಥ ಗುಂಡು ಎಲ್ಲಿಗೆ ಹೋಗುತ್ತೆ ಅಂತ ಎರಕ ಹೊಯ್ದವನೇ ಹೇಳಲಾರ. ಹೊಲದಾಚೆ ಇನ್ನೊಬ್ಬರ ಅಟ್ಟಣೆಯೂ ಇರುತ್ತೆ, ಅಲ್ವಾ?